ಪ್ರಸ್ತಾರ ಹಾಕಬಲ್ಲ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಷ್ಟವೇ?

ಪ್ರೌಢಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕೆಂಬ ಮಾತಿಗೆ ಇಂದು ವಿರೋಧವೇ ಉಳಿದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೇ ತರಗತಿಯಿಂದ ಆರಂಭವಾಗುವ ಹಂತದಲ್ಲಿಯೇ ಕೋಡಿಂಗ್ ಪರಿಚಯವಾಗಬೇಕೆಂದು ಹೇಳಿತು. ಆ ನೀತಿಯ ಉಳಿದ ಅಂಶಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ವಾಗ್ವಾದ ನಡೆಯಿತು. ಈ ಅಂಶದ ಬಗ್ಗೆ ತಕರಾರು ಕೇಳಿಬಂದದ್ದು ಕಡಿಮೆ. ಖಾಸಗಿ ಶಾಲೆಗಳ ಫಲಕಗಳಲ್ಲಿ ‘ಕಂಪ್ಯೂಟರ್ ಶಿಕ್ಷಣವಿದೆ’ ಎಂಬ ಸಾಲು ಹಳತಾಗಿ, ಅದರ ಜಾಗದಲ್ಲಿ ‘ರೊಬೊಟಿಕ್ಸ್’, ‘ಎಐ’ ಎಂಬ ಪದಗಳು ಬಂದು ಕುಳಿತಿವೆ. ಇಷ್ಟೊಂದು ಒಮ್ಮತ ಇರುವಲ್ಲಿ ಪ್ರಶ್ನೆ ಎತ್ತುವುದು ಅಪಶಕುನವೆನಿಸಬಹುದು. ಆದರೂ ಕೇಳಲೇಬೇಕಾಗಿದೆ: ಕಂಪ್ಯೂಟರ್ ತರಗತಿಯಲ್ಲಿ ಕುಳಿತ ಮಗು ವರ್ಷದ ಕೊನೆಯ ಹೊತ್ತಿಗೆ ತನ್ನ ಕೈಯಾರೆ ಏನನ್ನು ಮಾಡಿರುತ್ತದೆ?

ನಿಮ್ಮ ಮನೆಯಲ್ಲಿ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಮಗುವಿದ್ದರೆ ಅದರ ಕಂಪ್ಯೂಟರ್ ನೋಟ್ ಪುಸ್ತಕವನ್ನು ಒಮ್ಮೆ ತೆರೆದು ನೋಡಬಹುದು. ಸಿಪಿಯು ಎಂಬುದರ ಪೂರ್ಣರೂಪ, ಕಂಪ್ಯೂಟರಿನ ಪಿತಾಮಹನ ಹೆಸರು, ಇನ್‌ಪುಟ್ ಸಾಧನಗಳ ಪಟ್ಟಿ, ಒಂದು ಕಿಲೋಬೈಟ್‌ಗೆ ಎಷ್ಟು ಬೈಟ್ ಎಂಬ ಬಿಟ್ಟ ಸ್ಥಳ. ತುಸು ಹೆಚ್ಚು ಶುಲ್ಕದ ಶಾಲೆಯಾದರೆ ಜಾವಾ ಪ್ರೋಗ್ರಾಮೊಂದನ್ನು ಬೋರ್ಡಿನಿಂದ ಇಳಿಸಿಕೊಂಡಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ಹಾಗೆಯೇ ಒಪ್ಪಿಸುತ್ತದೆ. ಇದಕ್ಕೂ ಈಜಿನ ಪಾಠವನ್ನು ದಡದ ಮೇಲೆ ಕುಳಿತು ಬರೆದುಕೊಳ್ಳುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಸಾಫ್ಟ್‌ವೇರ್ ಉದ್ಯೋಗದಲ್ಲಿ ಬಹುಕಾಲ ಕಳೆದ ನಾನು ಕೆಲವು ವರ್ಷಗಳಿಂದ ಶನಿವಾರದ ಬೆಳಗಿನ ಅವಧಿಯಲ್ಲಿ, ಬೆಂಗಳೂರಿನಿಂದ ಒಂದೂವರೆ ಗಂಟೆಯ ಬಸ್ ಪ್ರಯಾಣದ ದೂರದಲ್ಲಿರುವ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಜಾಲಪುಟ ಕಟ್ಟುವುದನ್ನೂ ಆರಂಭಿಕ ಪ್ರೋಗ್ರಾಮಿಂಗನ್ನೂ ಹೇಳಿಕೊಡುತ್ತಿದ್ದೇನೆ. ಅಲ್ಲಿನ ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಈ ಅನುಭವದಿಂದ ನನಗೆ ಮನದಟ್ಟಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಷ್ಟವಾಗುವುದು ಅದರಲ್ಲಿರುವ ತರ್ಕದಿಂದಲ್ಲ. ಆ ತರ್ಕ ಅವರಲ್ಲಿ ಆಗಲೇ ಇದೆ, ಅದೂ ಕನ್ನಡದ ತರಗತಿಯಲ್ಲಿಯೇ ಕಲಿತದ್ದು. ಅದು ಅಲ್ಲಿದೆಯೆಂಬುದನ್ನು ನಾವು ಗುರುತಿಸಿಲ್ಲ, ಅಷ್ಟೆ.

ಇದನ್ನು ವಿವರಿಸುವ ಮೊದಲು ಈವರೆಗಿನ ಪ್ರಯತ್ನಗಳನ್ನು ನೆನೆಯುವುದು ಉಚಿತ. ಶಾಲೆಗೆ ಕಂಪ್ಯೂಟರ್ ಬಂದದ್ದು ನಿನ್ನೆ ಮೊನ್ನೆಯಲ್ಲ. 1984ರಲ್ಲಿಯೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳನ್ನು ಕೊಟ್ಟಿತ್ತು. ಕೀಲಿ ಒತ್ತಿದೊಡನೆ ಬೇಸಿಕ್ ಭಾಷೆಯ ಆಜ್ಞೆಗಾಗಿ ಕಾದು ನಿಲ್ಲುತ್ತಿದ್ದ ಯಂತ್ರ ಅದು. ಮಗು ಏನಾದರೂ ಬರೆಯದ ಹೊರತು ಅದು ಏನನ್ನೂ ತೋರಿಸುತ್ತಿರಲಿಲ್ಲ. ವಿಂಡೋಸ್ ಬಂದ ಮೇಲೆ ಪರದೆ ಚಂದವಾಯಿತು, ಮೌಸ್ ಬಂತು, ಬರೆಯುವ ಅನಿವಾರ್ಯ ಹೋಯಿತು. 2000ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ‘ಮಾಹಿತಿ ಸಿಂಧು’ ಯೋಜನೆ ಬಂತು. 2004ರಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಬಂತು. ಪ್ರಯೋಗಾಲಯ ಕಟ್ಟುವುದನ್ನೂ ಬೋಧಕರನ್ನು ಒದಗಿಸುವುದನ್ನೂ ನಮ್ಮಲ್ಲಿ ಖಾಸಗಿ ಸಂಸ್ಥೆಗಳಿಗೆ ಹೊರಗುತ್ತಿಗೆ ಕೊಡಲಾಯಿತು. ಗುತ್ತಿಗೆಯ ಬೋಧಕ ಶಾಲೆಯವನಾಗಲಿಲ್ಲ, ಶಾಲೆಯ ಶಿಕ್ಷಕ ಕಂಪ್ಯೂಟರ್ ಕೋಣೆಯವನಾಗಲಿಲ್ಲ.

ಇದೇ ಹೊತ್ತಿಗೆ ನೆರೆಯ ಕೇರಳ ಬೇರೊಂದು ದಾರಿ ಹಿಡಿದಿತ್ತು. ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿತು. ಮುಕ್ತ ತಂತ್ರಾಂಶವನ್ನು ಬಳಸಿತು. ಪಠ್ಯವನ್ನು ಮಲಯಾಳದಲ್ಲಿಯೂ ಕೊಟ್ಟಿತು. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ಹೆಸರಿನಲ್ಲಿ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳದೇ ತಾಂತ್ರಿಕ ಕೂಟಗಳು ಆರಂಭವಾದವು. ನಮ್ಮಲ್ಲಿಯೂ 2016ರ ನಂತರ ‘ಟಾಲ್ಪ್’ ಯೋಜನೆಯ ಮೂಲಕ ಶಿಕ್ಷಕರಿಗೆ ತರಬೇತಿ ದೊರೆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಮುಖ್ಯ ಗುರಿ ಇತರ ವಿಷಯಗಳನ್ನು ಕಂಪ್ಯೂಟರಿನ ನೆರವಿನಿಂದ ಕಲಿಸುವುದಾಗಿತ್ತು. ಮಗುವೇ ಕಂಪ್ಯೂಟರಿಗೆ ಕಲಿಸುವ ಮಾತು ಅದರಾಚೆಯದು.

ಬಳಸುವುದಕ್ಕೂ ಮಾಡುವುದಕ್ಕೂ ಇರುವ ಈ ಅಂತರವನ್ನು ಶ್ರೀಮಂತ ದೇಶಗಳೂ ತಡವಾಗಿ ಅರಿತವು. ಇಂಗ್ಲೆಂಡಿನ ಶಾಲೆಗಳು ವರ್ಷಗಟ್ಟಲೆ ಐಸಿಟಿ ಎಂಬ ವಿಷಯದ ಹೆಸರಿನಲ್ಲಿ ಮಕ್ಕಳಿಗೆ ಕಚೇರಿ ತಂತ್ರಾಂಶಗಳನ್ನು ತೋರಿಸುತ್ತ ಬಂದಿದ್ದವು. 2012ರಲ್ಲಿ ಅಲ್ಲಿನ ರಾಯಲ್ ಸೊಸೈಟಿ ಇದನ್ನು ಕಟುವಾಗಿ ವಿಮರ್ಶಿಸಿತು. 2014ರ ಸೆಪ್ಟೆಂಬರಿನಿಂದ ಆ ವಿಷಯವನ್ನು ಕೈಬಿಟ್ಟು ಪ್ರೋಗ್ರಾಮಿಂಗನ್ನು ಒಳಗೊಂಡ ‘ಕಂಪ್ಯೂಟಿಂಗ್’ ಪಠ್ಯಕ್ರಮವನ್ನು ತರಲಾಯಿತು. ಅವರು ಕೈಬಿಟ್ಟದ್ದನ್ನು ನಾವು ಇನ್ನೂ ಹಿಡಿದುಕೊಂಡಿದ್ದೇವೆ.

ಇನ್ನು ಕಲಿಸುವ ಮಾತು. ಎಲ್ಲಿಂದ ಆರಂಭಿಸಬೇಕು ಎಂಬ ಬಗ್ಗೆ ಬೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಎಚ್‌ಟಿಎಂಎಲ್‌ನಿಂದ ಆರಂಭಿಸುವ ಪಕ್ಷದವನು. ಅದು ನಿಜವಾದ ಪ್ರೋಗ್ರಾಮಿಂಗ್ ಅಲ್ಲವೆಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ಸರಿಯೇ. ಅದರಲ್ಲಿ ‘ಹೀಗಿದ್ದರೆ ಹೀಗೆ ಮಾಡು’ ಎಂಬುದಿಲ್ಲ, ‘ಹತ್ತು ಬಾರಿ ಮಾಡು’ ಎಂಬುದೂ ಇಲ್ಲ. ಆದರೆ ಸರ್ಕಾರಿ ಶಾಲೆಯ ಕೋಣೆಯಲ್ಲಿ ಅದಕ್ಕಿರುವ ಅನುಕೂಲ ಬೇರೆ ಯಾವುದಕ್ಕೂ ಇಲ್ಲ. ಇಂಟರ್ನೆಟ್ ಬೇಡ, ಹೊಸ ತಂತ್ರಾಂಶ ಹಾಕಬೇಕಿಲ್ಲ. ನೋಟ್‌ಪ್ಯಾಡ್ ಇರುವ, ಯಾವುದಾದರೊಂದು ಬ್ರೌಸರ್ ಇರುವ ಹಳೆಯ ಯಂತ್ರವೂ ಸಾಕು. ತಪ್ಪು ಬರೆದರೆ ಅದು ಗದರುವುದಿಲ್ಲ, ತೋಚಿದಷ್ಟನ್ನು ತೋರಿಸುತ್ತದೆ. ಮೊದಲ ದಿನವೇ ಮಗುವಿನ ಹೆಸರು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ಮೂಡುತ್ತದೆ. ಮೊದಲ ದಿನ ಹೆದರಿದ ಮಗು ಎರಡನೆಯ ಶನಿವಾರ ಹಿಂದಿನ ಬೆಂಚು ಹುಡುಕುತ್ತದೆ ಎಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ನಮ್ಮ ಮಕ್ಕಳು ಕಟ್ಟಿದ ಪುಟಗಳ ವಿಷಯ ಕೇಳಿ. ಊರ ಕೆರೆ, ಶಾಲೆಯ ಮುಂದೆ ನಿಲ್ಲುವ ಬಸ್ಸುಗಳ ವೇಳಾಪಟ್ಟಿ, ಅಜ್ಜಿಯಿಂದ ಕೇಳಿದ ಒಗಟುಗಳು, ಮಾರಮ್ಮನ ಜಾತ್ರೆ. ಬಸ್ಸಿನ ವೇಳಾಪಟ್ಟಿಗೆ ಕೋಷ್ಟಕ ಬೇಕು. ಒಗಟಿಗೆ ಒಂದು ಪುಟದಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ, ನಡುವೆ ಕೊಂಡಿ ಬೇಕು. ಬೇಕಾದಾಗ ಕಲಿತದ್ದು ಮರೆಯುವುದಿಲ್ಲ. ಬಣ್ಣಗಳ ವಿಷಯ ಬಂದಾಗ ಮಾತ್ರ ಇಡೀ ಅವಧಿ ಕೈತಪ್ಪಿ ಹೋಗುತ್ತದೆ. ಹಸಿರು ಹಿನ್ನೆಲೆಯ ಮೇಲೆ ಗುಲಾಬಿ ಅಕ್ಷರ ಹಾಕಿ, ಅದು ತನಗೇ ಓದಲಾಗದೆ, ತಾನೇ ಬದಲಿಸುವವರೆಗೆ ಬೋಧಕ ಸುಮ್ಮನಿರುವುದು ಲೇಸು. ವಿನ್ಯಾಸದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕವನ್ನು ನಾನು ಕಂಡಿಲ್ಲ.

ಕನ್ನಡದಲ್ಲಿ ಪುಟ ಕಟ್ಟುವಾಗ ಇಂಗ್ಲಿಷಿನ ಮಕ್ಕಳಿಗೆ ಸಾಮಾನ್ಯವಾಗಿ ಎದುರಾಗದ ಪ್ರಶ್ನೆಯೊಂದು ನಮ್ಮ ಮಕ್ಕಳಿಗೆ ಎರಡನೆಯ ವಾರವೇ ಎದುರಾಗುತ್ತದೆ. ಅಕ್ಷರ ಸಂಕೇತ ಯಾವುದೆಂದು ಪುಟದ ತಲೆಯಲ್ಲಿ ಹೇಳದಿದ್ದರೆ ಒಮ್ಮೊಮ್ಮೆ ಕೆರೆಯ ವರ್ಣನೆ ಹೋಗಿ, ಫ್ರೆಂಚ್ ಅಕ್ಷರಗಳಂಥ ವಿಚಿತ್ರ ಗುರುತುಗಳ ಸಾಲು ಬರುತ್ತದೆ. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಯಾವ ಸಂಖ್ಯೆ ಯಾವ ಅಕ್ಷರ ಎಂಬುದು ಮನುಷ್ಯರು ಕೂಡಿ ಮಾಡಿಕೊಂಡ ಒಪ್ಪಂದ ಎಂಬ ದೊಡ್ಡ ಸಂಗತಿಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಯೂನಿಕೋಡ್ ಬಳಕೆಗೆ ಬರುವ ಮುನ್ನ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದೆವು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಕಡತ ಕಲಸುಮೇಲೋಗರವಾಗುತ್ತಿತ್ತು ಎಂದು ಹೇಳಿದರೆ ಮಕ್ಕಳು ನಗುತ್ತಾರೆ. ಕಚೇರಿಗಳ ಹಳೆಯ ಕಡತಗಳೊಡನೆ ಗುದ್ದಾಡಿದವರಿಗೆ ನಗು ಬರಲಾರದು.

ಇಲ್ಲಿಂದ ಮುಂದಿನ ಹೆಜ್ಜೆ ಪ್ರೋಗ್ರಾಮಿಂಗ್. ಪೈಥಾನ್ ಭಾಷೆಯಲ್ಲಿ ‘ಕನ್ನಡ’ ಎಂಬ ಪದ ಕೊಟ್ಟು ಇದರಲ್ಲಿ ಅಕ್ಷರಗಳೆಷ್ಟು ಎಂದು ಕೇಳಿದರೆ ಉತ್ತರ 5 ಎಂದು ಬರುತ್ತದೆ. ಇಡೀ ತರಗತಿ ಗದ್ದಲವೆಬ್ಬಿಸುತ್ತದೆ, ಏಕೆಂದರೆ ಒಂದನೆಯ ತರಗತಿಯ ಮಗುವಿಗೂ ಅಲ್ಲಿರುವುದು ಮೂರೇ ಅಕ್ಷರ. ಕಂಪ್ಯೂಟರ್ ಎಣಿಸಿದ್ದು ಕ, ನ, ನಕಾರದ ಸ್ವರವನ್ನು ತೆಗೆದುಹಾಕುವ ಹಲಂತ ಚಿಹ್ನೆ, ಮತ್ತೊಂದು ನ, ಕೊನೆಗೆ ಡ. ‘ಮೈಸೂರು’ ಎಂಬುದನ್ನು ಹಿಂದುಮುಂದಾಗಿಸು ಎಂದರೆ ಕೊಂಬು ಅನಾಥವಾಗಿ ಮೊದಲು ಬಂದು, ಅದರ ಹಿಂದೆ ‘ರೂಸೈಮ’ ಎಂದು ನಿಲ್ಲುತ್ತದೆ. ಯಂತ್ರ ತಪ್ಪು ಮಾಡಿಲ್ಲ; ನಾವು ಅಕ್ಷರವೆಂದು ಕರೆಯುವುದು ಏನೆಂಬುದನ್ನು ಅದಕ್ಕೆ ಹೇಳಿಕೊಟ್ಟಿಲ್ಲ. ಹೇಳಿಕೊಡುವ ಕೆಲಸವೇ ಪ್ರೋಗ್ರಾಮಿಂಗ್.

ಹೇಗೆ ಹೇಳಿಕೊಡಬೇಕೆಂಬುದನ್ನು ಪ್ರೌಢಶಾಲೆಯ ಕನ್ನಡ ಮಾಧ್ಯಮದ ಮಗು ಛಂದಸ್ಸಿನ ಪಾಠದಲ್ಲಿ ಕಲಿತಿರುತ್ತದೆ. ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ನೆನಪಿಸಿಕೊಳ್ಳಿ. ದೀರ್ಘಾಕ್ಷರ ಗುರು, ಅನುಸ್ವಾರ ವಿಸರ್ಗಗಳಿಂದ ಕೂಡಿದ್ದು ಗುರು, ಐ, ಔ ಸ್ವರಗಳಿರುವುದು ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ವ್ಯಂಜನದಿಂದ ಕೊನೆಗೊಳ್ಳುವುದು ಗುರು, ಉಳಿದದ್ದು ಲಘು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಾದರೆ 1, 2, 4, 5ನೆಯ ಸಾಲುಗಳಲ್ಲಿ ಮೂರು ನಾಲ್ಕರ ಗಣಗಳು ಎರಡು ಬಾರಿ ಬಂದು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಮೂರು ಬಾರಿ ಬಂದು ಮೇಲೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102. ಇದು ಅಲ್ಗೊರಿದಮ್ ಅಲ್ಲವಾದರೆ ಮತ್ತೇನು? ಷರತ್ತುಗಳಿವೆ, ಪುನರಾವರ್ತನೆಯಿದೆ, ಎಣಿಕೆಯಿದೆ, ಕೊನೆಗೆ ಉತ್ತರ ಸರಿಯೇ ಎಂದು ತಾಳೆ ನೋಡುವ ಕ್ರಮವೂ ಇದೆ. ಪೆನ್ಸಿಲ್ ಹಿಡಿದು ಸಾಲಿನ ಮೇಲೆ ಅರ್ಧಚಂದ್ರ ಮತ್ತು ಅಡ್ಡಗೆರೆಗಳನ್ನು ಎಳೆಯುತ್ತ ಹೋಗುವ ಹುಡುಗಿ ಪ್ರೋಗ್ರಾಮೊಂದನ್ನು ತನ್ನ ಕೈಯಿಂದಲೇ ನಡೆಸುತ್ತಿರುತ್ತಾಳೆ.

ಒತ್ತಕ್ಷರದ ನಿಯಮ ಇವುಗಳಲ್ಲೆಲ್ಲ ಸ್ವಾರಸ್ಯಕರ. ಒಂದು ಅಕ್ಷರ ಲಘುವೋ ಗುರುವೋ ಎಂದು ತೀರ್ಮಾನಿಸಲು ಅದರ ಮುಂದಿನದನ್ನು ಇಣುಕಿ ನೋಡಬೇಕು. ‘ಅಕ್ಕ’ ಎಂಬಲ್ಲಿ ಗುರುವಾಗುವುದು ಅಕಾರ, ಕ್ಕ ಅಲ್ಲ. ಮಕ್ಕಳು ಪರೀಕ್ಷೆಯಲ್ಲಿ ಒತ್ತಕ್ಷರವನ್ನೇ ಗುರುವೆಂದು ಬರೆದು ಅಂಕ ಕಳೆದುಕೊಳ್ಳುವುದು ಕನ್ನಡ ಶಿಕ್ಷಕರಿಗೆ ಗೊತ್ತಿರುವ ವಿಷಯವೇ. ಪೆನ್ಸಿಲ್ಲಿನಲ್ಲಿ ಮಾಡಿದ ತಪ್ಪಿಗೆ ಕೆಂಪು ಗೆರೆ ಬೀಳುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಪ್ರೋಗ್ರಾಮಿನಲ್ಲಿ ಅದೇ ತಪ್ಪು ಮಾಡಿದಾಗ ನಡೆಯುವುದು ಬೇರೆ. ‘ಕನ್ನಡ’ ಎಂಬ ಪದದ ಒಟ್ಟು ಮಾತ್ರೆ ಹೇಗೂ 4 ಎಂದೇ ಬರುತ್ತದೆ, ಆದರೆ ಗುರು ತಪ್ಪು ಜಾಗದಲ್ಲಿ ಬಿದ್ದಿರುತ್ತದೆ. ಷಟ್ಪದಿಯ ಸಾಲಿನಲ್ಲಿ ಗಣ ವಿಂಗಡಿಸಲು ಹೊರಟಾಗ ಮೂರನೆಯ ಮಾತ್ರೆ ಒಂದು ಗುರುವಿನ ನಡುವೆ ಬಂದು ನಿಲ್ಲುತ್ತದೆ. ಗುರುವನ್ನು ಸೀಳಲಾಗದು. ಆಗ ಹುಡುಗ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಹಿಂದಕ್ಕೆ ಸರಿಯುತ್ತ ಬರುತ್ತಾನೆ, ತಪ್ಪಿರುವ ಜಾಗ ಹಿಡಿಯುತ್ತಾನೆ. ದೊಡ್ಡ ಕಂಪನಿಗಳಲ್ಲಿ ಎಂಜಿನಿಯರುಗಳು ದಿನದ ಬಹುಭಾಗ ಮಾಡುವುದು ಇದನ್ನೇ. ಕುಮಾರವ್ಯಾಸನ ಒಂದು ಸಾಲಿಗೆ 13 ಮಾತ್ರೆ ಬಂದರೆ ‘ಕವಿ ತಪ್ಪಿರಲಾರ, ನನ್ನ ಪ್ರೋಗ್ರಾಂ ತಪ್ಪಿದೆ’ ಎಂದುಕೊಂಡು ಮತ್ತೆ ಹುಡುಕುವ ಶ್ರದ್ಧೆಯೂ ಅದರೊಡನೆ ಬರುತ್ತದೆ. (ಕವಿಗಳು ಬಳಸುವ ಶಿಥಿಲದ್ವಿತ್ವದ ಸಂಗತಿಯನ್ನು ಅಲ್ಲಿಯವರೆಗೆ ಮುಚ್ಚಿಡುತ್ತೇನೆ. ನಿಯಮಕ್ಕೆ ಅಪವಾದವೂ ಇದೆಯೆಂದು ತಿಳಿದ ದಿನ ಒಂಬತ್ತನೆಯ ತರಗತಿ ನನ್ನನ್ನು ಮೋಸಗಾರನಂತೆ ನೋಡಿತು.)

ಗಣಿತದ ಪಾಠವೂ ಹೀಗೆಯೇ ನೆರವಿಗೆ ಬರುತ್ತದೆ, ಒಮ್ಮೊಮ್ಮೆ ಅಡ್ಡವೂ ಬರುತ್ತದೆ. ‘ಮಾತ್ರೆ = ಮಾತ್ರೆ + 1’ ಎಂದು ಬೋರ್ಡಿನ ಮೇಲೆ ಬರೆದಾಗ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, “ಸರ್, ಎರಡೂ ಕಡೆ ಮಾತ್ರೆ ಹೊಡೆದುಹಾಕಿದ್ರೆ ಸೊನ್ನೆ ಒಂದಕ್ಕೆ ಸಮ ಅಂತ ಆಗುತ್ತಲ್ಲ?” ಎಂದು ಕೇಳಿದಳು. ಬೀಜಗಣಿತವನ್ನು ಮನಸ್ಸಿಟ್ಟು ಕಲಿತವರಿಗೆ ಮಾತ್ರ ಬರುವ ಪ್ರಶ್ನೆ ಇದು. ಪ್ರೋಗ್ರಾಮಿನಲ್ಲಿ ಆ ಚಿಹ್ನೆ ‘ಸಮ’ ಎಂದಲ್ಲ, ‘ಬಲಗಡೆಯದನ್ನು ಲೆಕ್ಕ ಹಾಕಿ ಎಡಗಡೆಯ ಡಬ್ಬಿಗೆ ಹಾಕು’ ಎಂಬ ಆಜ್ಞೆ ಎಂದು ತಿಳಿಹೇಳಲು ಅವಳಿಂದಾಗಿ ಸಾಧ್ಯವಾಯಿತು. ಬೋರ್ಡಿನಿಂದ ಇಳಿಸಿಕೊಳ್ಳುವ ತರಗತಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಅವಳು ಅದನ್ನು ಕೇಳಿದ್ದು ಕನ್ನಡದಲ್ಲಿ ಎಂಬುದನ್ನು ಗಮನಿಸಬೇಕು. ಭಾಷೆಯ ವಿಷಯದಲ್ಲಿ ನಮ್ಮ ಶಿಕ್ಷಣ ತಜ್ಞರು ಎರಡು ತುದಿಗಳಲ್ಲಿ ನಿಂತಿದ್ದಾರೆ. ಪ್ರೋಗ್ರಾಮಿಂಗ್ ಇಂಗ್ಲಿಷಿನ ವಿದ್ಯೆ, ಮೊದಲು ಇಂಗ್ಲಿಷ್ ಕಲಿಯಲಿ ಎನ್ನುವವರು ಒಂದು ಕಡೆ. ಪ್ರತಿಯೊಂದು ಪದಕ್ಕೂ ಸಂಸ್ಕೃತದ ಸಮಾಸ ಹೊಸೆಯುವವರು ಇನ್ನೊಂದು ಕಡೆ. ಇಬ್ಬರೂ ಮಗುವಿನ ಮುಖ ನೋಡಿಲ್ಲ. ಪೈಥಾನ್ ಭಾಷೆಯಲ್ಲಿ ಕಡ್ಡಾಯವಾಗಿ ಕಲಿಯಬೇಕಾದ ಮೀಸಲು ಪದಗಳು 35. ಆರಂಭದ ವರ್ಷಕ್ಕೆ ಹತ್ತು ಹನ್ನೆರಡು ಸಾಕು. ಉಳಿದ ಹೆಸರುಗಳನ್ನು ನಾವೇ ಇಡುವುದು. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಆ ಹೆಸರುಗಳು ಕನ್ನಡದಲ್ಲಿಯೂ ಇರಬಹುದು: ಲಘು, ಗುರು, ಮಾತ್ರೆ, ಸಾಲು. ಗಣಿತ ಪುಸ್ತಕದ ‘ಚರಾಕ್ಷರ’ ಇರಲಿ, ‘ಲೂಪ್’ ಲೂಪ್ ಆಗಿಯೇ ಇರಲಿ. ಬಸ್ಸು, ಸೈಕಲ್ಲು, ರೇಷನ್ ಕಾರ್ಡುಗಳನ್ನು ಅರಗಿಸಿಕೊಂಡ ಭಾಷೆಗೆ ಇದು ಭಾರವಲ್ಲ. ವಿವರಣೆ, ವಾದ, ಸಂದೇಹ ಇವು ಮಾತ್ರ ಮಗು ಯೋಚಿಸುವ ಭಾಷೆಯಲ್ಲಿಯೇ ನಡೆಯಬೇಕು. ಇಂಗ್ಲಿಷಿನಲ್ಲಿ ಬರುವ ದೋಷ ಸಂದೇಶಗಳು ನಿಜಕ್ಕೂ ಅಡ್ಡಗೋಡೆ. ಪದೇ ಪದೇ ಬರುವ ಏಳೆಂಟು ಸಂದೇಶಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ತಿಂಗಳೊಪ್ಪತ್ತಿನಲ್ಲಿ ಮಕ್ಕಳು ಗೋಡೆ ನೋಡುವುದನ್ನು ಬಿಟ್ಟರು.

ಯಂತ್ರಗಳ ಕೊರತೆಯ ಬಗ್ಗೆ ಬಹಳ ಬರೆದಾಗಿದೆ, ನಾನು ಉದ್ದ ಹೇಳುವುದಿಲ್ಲ. ಕೆಟ್ಟ ಯುಪಿಎಸ್ ಬ್ಯಾಟರಿ, ಬೀಗ ಹಾಕಿದ ಕೋಣೆ, ಹತ್ತು ಯಂತ್ರಕ್ಕೆ ಅರವತ್ತು ಮಕ್ಕಳು, ಇವು ಓದುಗರಿಗೆ ಗೊತ್ತಿರುವಂಥವೇ. ಆದರೆ ಒಂದು ವಿಷಯ ಹೇಳಬೇಕು. ಮೂವರಿಗೆ ಒಂದು ಯಂತ್ರವಾದಾಗ ಕೀಲಿಮಣೆ ಹುಡುಗನ ಕೈಯಲ್ಲಿಯೂ ನೋಟ್ ಪುಸ್ತಕ ಹುಡುಗಿಯ ಕೈಯಲ್ಲಿಯೂ ಇರುವುದು ತಾನೇ ತಾನಾಗಿ ಆಗಿಬಿಡುತ್ತದೆ. ಮನೆಯ ಸ್ಥಿತಿಯೂ ಇದಕ್ಕೆ ಕುಮ್ಮಕ್ಕು. 14ರಿಂದ 18 ವಯಸ್ಸಿನವರ ಬಗ್ಗೆ 2023ರಲ್ಲಿ ದೇಶದ ಗ್ರಾಮೀಣ ಭಾಗಗಳಲ್ಲಿ ನಡೆಸಿದ ‘ಅಸರ್’ ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ 19.8ರಷ್ಟು ಮಂದಿಗೆ ಮಾತ್ರ. ಶಾಲೆಯ ಕೋಣೆ ಈ ಅಂತರವನ್ನು ಕಡಿಮೆ ಮಾಡದಿದ್ದರೆ ಇನ್ನೆಲ್ಲಿ ಕಡಿಮೆಯಾದೀತು? ಗಡಿಯಾರ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸುವ ಸರಳ ನಿಯಮ ಸಾಕು. ಆದರೆ ಅದನ್ನು ಜಾರಿಗೊಳಿಸಲು ತರಗತಿಯಲ್ಲಿ ಶಿಕ್ಷಕರೊಬ್ಬರು ಇರಬೇಕು.

ಈಗ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಪೋಷಕರು ನನ್ನನ್ನು ಹೆಚ್ಚು ಕೇಳಿರುವ ಪ್ರಶ್ನೆ: “ಅದೇ ಪ್ರೋಗ್ರಾಂ ಬರೆದುಕೊಡುತ್ತಲ್ಲ ಸಾರ್, ಮಕ್ಕಳಿಗೆ ಇನ್ನೇಕೆ?” ಊರ ಕೆರೆಯ ಪುಟ ಬೇಕೆಂದರೆ ಅದು ಒಂದು ನಿಮಿಷದಲ್ಲಿ ನಮ್ಮ ಮಕ್ಕಳದ್ದಕ್ಕಿಂತ ಅಂದವಾಗಿ ಕಟ್ಟಿಕೊಡುತ್ತದೆ, ನಿಜ. ಆದರೆ ಕ್ಯಾಲ್ಕುಲೇಟರ್ ಬಂದಾಗ ನಾವು ಮಗ್ಗಿ ಬಿಡಲಿಲ್ಲ. ಬಂದ ಉತ್ತರ ಹೊಂದುತ್ತದೆಯೇ ಎಂದು ಅಂದಾಜಿಸಲು ಒಳಗೊಂದು ಲೆಕ್ಕ ಬೇಕಾಗುತ್ತದೆ. ಈ ಯಂತ್ರಗಳು ತಪ್ಪನ್ನೂ ಅದೇ ಆತ್ಮವಿಶ್ವಾಸದಿಂದ ಹೇಳುತ್ತವೆ. ಯಂತ್ರ ಬರೆದುಕೊಟ್ಟ ಪ್ರಸ್ತಾರದ ಪ್ರೋಗ್ರಾಂ ಒತ್ತಕ್ಷರದ ಹಿಂದಿನದನ್ನು ನೋಡಿತೋ ಒತ್ತಕ್ಷರವನ್ನೇ ಹಿಡಿಯಿತೋ ಎಂದು ಹೇಳಬಲ್ಲವರು ಯಾರು? ಒಮ್ಮೆ ತಾವೇ ಬರೆದು ಎಡವಿದವರು. ಹದಿನಾಲ್ಕು ವರ್ಷದ ಮಗುವಿಗೆ ಪ್ರೋಗ್ರಾಮಿನಿಂದ ಸಿಗುವ ಲಾಭ ಸಿದ್ಧವಾದ ಪ್ರೋಗ್ರಾಂ ಅಲ್ಲ. ಕೆರೆಯ ಪುಟ ಜಗತ್ತಿಗೆ ಬೇಕಾಗಿತ್ತೆಂದು ಯಾರೂ ಅದನ್ನು ಕಟ್ಟಲಿಲ್ಲ.

ಇನ್ನೊಂದು ಕಡೆಯಿಂದ ಬರುವ ಅಪಾಯವೂ ಸಣ್ಣದಲ್ಲ. ಕೋಡಿಂಗ್ ಕಲಿತರೆ ಕೆಲಸ, ಕೆಲಸದಿಂದ ಕೋಟಿ ಎಂದು ಮಾರಾಟ ಮಾಡುವವರದು. 2020ರ ಲಾಕ್‌ಡೌನಿನಲ್ಲಿ ಇಂಥ ಜಾಹೀರಾತುಗಳು ಪುಟ್ಟ ಮಕ್ಕಳ ಪೋಷಕರನ್ನು ಹೇಗೆ ಗಾಬರಿಗೊಳಿಸಿದವು ಎಂಬುದನ್ನು ನಗರದ ಮಧ್ಯಮ ವರ್ಗ ಮರೆತಿರಲಾರದು. ಅವುಗಳಲ್ಲಿ ಕೆಲವನ್ನು ಜಾಹೀರಾತು ಮಾನದಂಡ ಮಂಡಳಿಯ ಸೂಚನೆಯ ಮೇರೆಗೆ ಹಿಂತೆಗೆದುಕೊಳ್ಳಬೇಕಾಯಿತು. ನನ್ನ ತರಗತಿಯ ಮಕ್ಕಳಲ್ಲಿ ಎಷ್ಟು ಮಂದಿ ಸಾಫ್ಟ್‌ವೇರ್ ಕ್ಷೇತ್ರಕ್ಕೆ ಹೋದಾರು ಎಂಬ ಲೆಕ್ಕ ನನಗೆ ಬೇಕಿಲ್ಲ. ರೇಷ್ಮೆ ಸಾಕುವವನಿಗೂ ನರ್ಸಮ್ಮನಿಗೂ ಗ್ರಾಮ ಪಂಚಾಯಿತಿಯ ಗುಮಾಸ್ತನಿಗೂ ಇಂದು ಯಂತ್ರವೊಂದು ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂದು ಹೇಳುತ್ತದೆ. ಅದರ ಹಿಂದೆ ಯಾರೋ ಬರೆದ ಷರತ್ತೊಂದಿದೆ, ಆ ಷರತ್ತು ತಪ್ಪಿರಬಹುದು ಎಂದು ತಿಳಿದವರು ಕಚೇರಿಯ ಕಿಟಕಿಯ ಮುಂದೆ ನಿಂತು ವಾದ ಮಾಡಬಲ್ಲರು. ತಿಳಿಯದವರು ಹಣೆಬರಹವೆಂದು ಮನೆಗೆ ಹೋಗುತ್ತಾರೆ.

ಹಾಗಾದರೆ ಆಗಬೇಕಾದುದೇನು? ಕಂಪ್ಯೂಟರನ್ನು ಎಸ್ಸೆಸ್ಸೆಲ್ಸಿಯ ಮತ್ತೊಂದು ಪತ್ರಿಕೆಯಾಗಿಸುವ ಸಲಹೆ ಆಗಾಗ ಕೇಳಿಬರುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಪತ್ರಿಕೆಯಾದ ಮರುದಿನವೇ ಗೈಡು ಬರುತ್ತದೆ, ಬಹುನಿರೀಕ್ಷಿತ ಪ್ರಶ್ನೆಗಳ ಪಟ್ಟಿ ಬರುತ್ತದೆ, ಮಕ್ಕಳು ಪ್ರೋಗ್ರಾಮನ್ನು ಪಂಪನ ಕಾಲ, ಸ್ಥಳ, ಕೃತಿಗಳಂತೆ ಉರುಹೊಡೆಯುತ್ತಾರೆ. ಆದರೆ ಅಂಕವಿಲ್ಲದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ, ಸಿಕ್ಕರೂ ಪರೀಕ್ಷೆ ಸಮೀಪಿಸಿದಾಗ ಗಣಿತದ ವಿಶೇಷ ತರಗತಿ ಅದನ್ನು ನುಂಗುತ್ತದೆ ಎಂಬುದೂ ಸತ್ಯ. ನಡುವಿನ ದಾರಿಯೊಂದು ನಮ್ಮ ವ್ಯವಸ್ಥೆಯಲ್ಲಿಯೇ ಇದೆ. ಹತ್ತನೆಯ ತರಗತಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಅಂಕಗಳ ಆಂತರಿಕ ಮೌಲ್ಯಮಾಪನವಿದೆ. ಎಂಟು, ಒಂಬತ್ತನೆಯ ತರಗತಿಗಳಲ್ಲಿಯೂ ಚಟುವಟಿಕೆ ಆಧಾರಿತ ರೂಪಣಾತ್ಮಕ ಮೌಲ್ಯಮಾಪನವಿದೆ. ಈಗ ಅದರ ಹೆಸರಿನಲ್ಲಿ ಅಂಗಡಿಯಿಂದ ಚಾರ್ಟ್ ಕೊಂಡು ತಂದು ಅಂಟಿಸುವುದು ನಡೆದಿದೆ. ಆ ಚಟುವಟಿಕೆಗಳಲ್ಲಿ ವರ್ಷಕ್ಕೆ ಒಂದಾದರೂ ಕನ್ನಡದ್ದೋ ಗಣಿತದ್ದೋ ಸಮಾಜ ವಿಜ್ಞಾನದ್ದೋ ಪ್ರೋಗ್ರಾಂ ಅಥವಾ ಜಾಲಪುಟವಾಗಿರಲಿ, ಮಗು ಶಿಕ್ಷಕರ ಮುಂದೆ ಅದನ್ನು ಬದಲಿಸಿ ತೋರಿಸಲಿ ಎಂದು ಇಲಾಖೆ ಸುತ್ತೋಲೆ ಹೊರಡಿಸಬಹುದು. ಬದಲಿಸಿ ತೋರಿಸುವ ಷರತ್ತು ಮುಖ್ಯ. ಎಲ್ಲಿಂದಲೋ ತಂದದ್ದನ್ನು ಅಲ್ಲಿಯೇ ಬದಲಿಸಲಾಗದು.

ಇದಕ್ಕೆ ಹೊಸ ಹುದ್ದೆಗಳನ್ನು ಸೃಷ್ಟಿಸುವವರೆಗೆ ಕಾಯಬೇಕಿಲ್ಲ. ಭೌತವಿಜ್ಞಾನ, ರಸಾಯನ ವಿಜ್ಞಾನ, ಗಣಿತ ಮೂರನ್ನೂ ಹೊತ್ತಿರುವ ಪಿಸಿಎಂ ಶಿಕ್ಷಕರ ಮೇಲೆ ನಾಲ್ಕನೆಯದನ್ನು ಹೇರಿದರೆ ಅವರು ಗೊಣಗುವುದು ನ್ಯಾಯವೇ. ಆದರೆ ಭಾರವನ್ನು ಇಬ್ಬರಿಗೆ ಹಂಚಬಹುದು. ನಾನು ಹೋಗುವ ಶಾಲೆಯಲ್ಲಿ ಪ್ರಸ್ತಾರದ ಪ್ರೋಗ್ರಾಮನ್ನು ಮಕ್ಕಳಿಗಿಂತ ಚೆನ್ನಾಗಿ ಪರೀಕ್ಷಿಸಿದವರು ಅಲ್ಲಿನ ಕನ್ನಡ ಮೇಡಂ. ಮೌಸ್ ಮುಟ್ಟಲು ಹಿಂಜರಿಯುತ್ತಿದ್ದ ಅವರು ವಾರ್ಧಕ ಷಟ್ಪದಿಯ ಪದ್ಯವೊಂದನ್ನು ಬೇಕೆಂದೇ ಕೊಟ್ಟು, ಭಾಮಿನಿಗಾಗಿ ಬರೆದದ್ದು ಅಲ್ಲಿ ಹೇಗೆ ಮುಗ್ಗರಿಸುತ್ತದೆ ಎಂದು ತೋರಿಸಿಕೊಟ್ಟರು. ಬರುವ ಏಪ್ರಿಲ್, ಮೇ ತಿಂಗಳ ರಜೆಯ ತರಬೇತಿಯಲ್ಲಿ ಪ್ರತಿ ಶಾಲೆಯಿಂದ ಒಬ್ಬ ಕನ್ನಡ ಶಿಕ್ಷಕರನ್ನೂ ಒಬ್ಬ ಗಣಿತ ಶಿಕ್ಷಕರನ್ನೂ ಒಂದೇ ಯಂತ್ರದ ಮುಂದೆ ಐದು ದಿನ ಕೂರಿಸಿದರೆ, ಜೂನ್ ಹೊತ್ತಿಗೆ ಎಂಟನೆಯ ತರಗತಿಯಲ್ಲಿ ಪಾಠ ಆರಂಭಿಸುವಷ್ಟು ಸಿದ್ಧತೆ ಆಗುತ್ತದೆ. ಅದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಉಚಿತವಾಗಿ ದೊರೆಯುವಂಥವು. ಖರ್ಚೆಂದರೆ ಶಿಕ್ಷಕರ ಪ್ರಯಾಣ ಭತ್ಯೆ ಮತ್ತು ಮಧ್ಯಾಹ್ನದ ಊಟ.